ಕೃತ್ತಿಕೆಯ ದೂರ, ಟ್ರಂಪ್ಲರನ ಧೂಳು

  ಉಪಗ್ರಹಗಳಿರುವ ಕಾಲದಲ್ಲಿ ಕಾಂತಿಮಾನ, ಅಂದರೆ ತಾರೆಯ ಹೊಳಪಿನ ಅಳತೆ, ಹಿಡಿದುಕೊಂಡು ದೂರ ಅಳೆಯುವ ಗೊಡವೆ ಯಾಕೆ ಎಂಬ ಮಾತು ಮತ್ತೆ ಕಿವಿಗೆ ಬಿತ್ತು. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾರೆ.

1997ರಲ್ಲಿ ಹಿಪಾರ್ಕಸ್ ಉಪಗ್ರಹದ ಪಟ್ಟಿ ಹೊರಬಂದಾಗ ಕೃತ್ತಿಕೆ ನಕ್ಷತ್ರಗುಚ್ಛದ ದೂರ ಸುಮಾರು 385 ಜ್ಯೋತಿರ್ವರ್ಷ ಎಂದಾಯಿತು. ಗುಚ್ಛದ ಪ್ರಧಾನ ಸರಣಿಯನ್ನು (ತಾರೆಗಳ ಬಣ್ಣಕ್ಕೂ ಬೆಳಕಿಗೂ ಇರುವ ನಂಟಿನ ಗೆರೆಯನ್ನು) ಹತ್ತಿರದ ನಕ್ಷತ್ರಗಳ ಸರಣಿಯ ಮೇಲೆ ಕೂರಿಸಿ ಲೆಕ್ಕ ಹಾಕುವವರಿಗೆ ಬರುತ್ತಿದ್ದದ್ದು 430ರ ಆಸುಪಾಸು. ಉಪಗ್ರಹವೇ ಸರಿಯೆಂದರೆ ಕೃತ್ತಿಕೆಯ ತಾರೆಗಳೆಲ್ಲ ತಮ್ಮ ಬಣ್ಣಕ್ಕೆ ತಕ್ಕ ಬೆಳಕಿಗಿಂತ ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಮಂಕಾಗಿರಬೇಕು. ಅವುಗಳಲ್ಲಿ ಹೀಲಿಯಂ ಹೆಚ್ಚಿರಬಹುದು ಎಂದು ನಕ್ಷತ್ರಗಳನ್ನೇ ತಿದ್ದಲು ಹೊರಟವರಿದ್ದರು. ಖಗೋಳಜ್ಞ ಪಿನ್ಸನಾಲ್ಟ್ ಮತ್ತು ಸಂಗಡಿಗರು 1998ರಲ್ಲೇ ಇದನ್ನು ಒಪ್ಪಲಿಲ್ಲ. ಅಂಥ ತಾರೆಗಳಿದ್ದರೆ ನಮ್ಮ ನೆರೆಯಲ್ಲೂ ಕಾಣಬೇಕಿತ್ತಲ್ಲ, ಎಲ್ಲಿ? 2014ರಲ್ಲಿ ಅಮೆರಿಕದಿಂದ ಜರ್ಮನಿಯವರೆಗಿನ ರೇಡಿಯೋ ದೂರದರ್ಶಕಗಳು ಒಟ್ಟಾಗಿ ಅಳೆದು 444 ಎಂದವು. 2018ರ ಗಾಯಾ ಉಪಗ್ರಹದ ಪಟ್ಟಿಯೂ ಅಲ್ಲಿಗೇ ಬಂತು. ಇವೆರಡೂ ಹಿಪಾರ್ಕಸ್‌ನಂತೆಯೇ ಪ್ಯಾರಲಾಕ್ಸ್ ಅಳತೆಗಳೇ (ಭೂಮಿ ಸುತ್ತುವಾಗ ತಾರೆ ಕೊಂಚ ಸರಿದಂತೆ ಕಾಣುವುದರಿಂದ ದೂರ ತೆಗೆಯುವುದು), ನಿಜ. ನನ್ನ ತಕರಾರು ಪ್ಯಾರಲಾಕ್ಸ್ ಮೇಲಲ್ಲ. ದಶಾಂಶದ ಮುಂದೆ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಕೈಮುಗಿಯುವ ಚಾಳಿಯ ಮೇಲೆ.

ಅಳತೆಯನ್ನು ಅನುಮಾನಿಸುವುದು ಹೇಗೆಂದು ಕಲಿಯಬೇಕಾದರೆ ರಾಬರ್ಟ್ ಟ್ರಂಪ್ಲರನ 1930ರ ಪ್ರಬಂಧಕ್ಕೆ ಹೋಗಬೇಕು. ಲಿಕ್ ವೀಕ್ಷಣಾಲಯದಲ್ಲಿದ್ದ ಆತ ನೂರು ತೆರೆದ ಗುಚ್ಛಗಳ ದೂರವನ್ನು ತಾರೆಗಳ ಕಾಂತಿ ಮತ್ತು ರೋಹಿತದಿಂದ ತೆಗೆದ. ಆ ದೂರಕ್ಕೆ ಆಕಾಶದಲ್ಲಿ ಕಾಣುವ ಅಗಲವನ್ನು ಸೇರಿಸಿದರೆ ಗುಚ್ಛದ ನಿಜವಾದ ವ್ಯಾಸ ಸಿಗುತ್ತದೆ. ಸಿಕ್ಕಿತು ಕೂಡ. ಆದರೆ ದೂರ ಹೋದಷ್ಟೂ ಗುಚ್ಛಗಳು ದೊಡ್ಡದಾಗುತ್ತಾ ಹೋದವು. ಸೂರ್ಯನಿಂದ ಎಷ್ಟು ದೂರ ಎಂದು ನೋಡಿಕೊಂಡು ಗುಚ್ಛಗಳು ಬೆಳೆಯುತ್ತವೆಯೇ? ಟ್ರಂಪ್ಲರ್ ನಕ್ಷತ್ರಗಳನ್ನು ತಿದ್ದಲಿಲ್ಲ, ಕಾಂತಿಯನ್ನು ಕೈಬಿಡಲೂ ಇಲ್ಲ. ನಡುವಿನ ಬಯಲನ್ನೇ ಸಂಶಯಿಸಿದ. ಖಾಲಿ ಎಂದುಕೊಂಡಿದ್ದ ಆ ಬಯಲಲ್ಲಿ ಧೂಳಿತ್ತು. ಪ್ರತಿ 3,260 ಜ್ಯೋತಿರ್ವರ್ಷಕ್ಕೆ ಅದು 0.67 ಕಾಂತಿಮಾನದಷ್ಟು ಬೆಳಕನ್ನು ನುಂಗುತ್ತದೆ ಎಂದು ಲೆಕ್ಕ ಕೊಟ್ಟ. ಧೂಳಿನಿಂದ ಮಂಕಾದದ್ದನ್ನೆಲ್ಲ ದೂರದ್ದೆಂದು ಓದಲಾಗಿತ್ತು.

ಈ ಧೂಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ತಡೆಯುತ್ತದೆ. ಹಾಗಾಗಿ ತಾರೆ ತನ್ನ ಸಹಜ ಬಣ್ಣಕ್ಕಿಂತ ಎಷ್ಟು ಕೆಂಪಾಗಿದೆ ಎಂಬುದರಲ್ಲೇ ಧೂಳಿನ ಲೆಕ್ಕ ಸಿಗುತ್ತದೆ. ಕೃತ್ತಿಕೆಯ ಪಾಲಿಗೆ ಅದು ಸುಮಾರು 0.12 ಕಾಂತಿಮಾನ. ಇಷ್ಟನ್ನು ಕಳೆಯದೆ ಬಿಟ್ಟರೆ ಇಡೀ ಗುಚ್ಛ 25 ಜ್ಯೋತಿರ್ವರ್ಷ ಹಿಂದಕ್ಕೆ ಸರಿಯುತ್ತದೆ.