ಅಭಾವದಿಂದ ಅವಕ್ತವ್ಯದವರೆಗೆ: ಬಿಮಲ ಕೃಷ್ಣ ಮತಿಲಾಲರ ವಿದ್ಯಾರ್ಥಿದಶೆಯ ಸಂಶೋಧನೆ

ಬಿಮಲ ಕೃಷ್ಣ ಮತಿಲಾಲರು (1935–1991) ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಇಂಗಾಲ್ಸರ ಬಳಿ ಸಿದ್ಧಪಡಿಸಿ 1965ರಲ್ಲಿ ಡಾಕ್ಟರೇಟು ಪಡೆದ ಪ್ರಬಂಧವು ನವ್ಯನ್ಯಾಯದ ಅಭಾವವಿಚಾರವನ್ನು ಕುರಿತದ್ದು. 1968ರಲ್ಲಿ ಅದು ಹಾರ್ವರ್ಡ್ ಪ್ರಾಚ್ಯಮಾಲೆಯಲ್ಲಿ ಮುದ್ರಣಗೊಂಡಿತು. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, 1962ರಲ್ಲಿ ತರ್ಕತೀರ್ಥ ಪದವಿಯನ್ನು ಗಳಿಸಿ, ಅನಂತರ ಕ್ವೈನರಂತಹ ಆಧುನಿಕ ತಾರ್ಕಿಕರ ಪಾಠವನ್ನು ಕೇಳಿದ ವಿದ್ಯಾರ್ಥಿ ಅವರು. ಪಂಡಿತಪರಂಪರೆಯ ಶಿಸ್ತು ಪ್ರಬಂಧದ ಪುಟಪುಟದಲ್ಲಿಯೂ ಕಾಣುತ್ತದೆ.

ಗಂಗೇಶನ ಅಭಾವವಾದ, ರಘುನಾಥನ ನಞ್‌ವಾದ ಎಂಬೆರಡು ಪ್ರಕರಣಗಳ ಅನುವಾದ ಮತ್ತು ವಿವರಣೆ ಈ ಕೃತಿಯ ಜೀವಾಳ. ಪ್ರತಿಯೋಗಿ, ಅನುಯೋಗಿ, ಅವಚ್ಛೇದಕ ಮೊದಲಾದ ಪರಿಭಾಷೆಯನ್ನು ಕೇವಲ ಶಬ್ದಾಡಂಬರವೆಂದು ತಳ್ಳಿಹಾಕುತ್ತಿದ್ದ ಕಾಲದಲ್ಲಿ, ಅದರೊಳಗೆ ನಿಯತವಾದ ತರ್ಕವ್ಯವಸ್ಥೆಯಿದೆಯೆಂದು ಪಾಶ್ಚಾತ್ಯ ಓದುಗರಿಗೆ ತೋರಿಸಿಕೊಟ್ಟದ್ದು ದೊಡ್ಡ ಉಪಕಾರ. ಇಂಗಾಲ್ಸರು 1951ರ ಗ್ರಂಥದಲ್ಲಿ ತೆರೆದ ದಾರಿಯನ್ನು ಶಿಷ್ಯರು ಬಹುದೂರ ಸಾಗಿಸಿದರು.

ಪ್ರಬಂಧದ ಕ್ಷೇತ್ರ ನವ್ಯನ್ಯಾಯಕ್ಕೆ ಸೀಮಿತವಾದುದರಿಂದ ಅಲ್ಲಿ ಜೈನ ಪಕ್ಷವನ್ನು ಹುಡುಕುವುದು ನ್ಯಾಯವಲ್ಲ. ಆದರೂ ಜೈನ ಓದುಗನಿಗೆ ಸಮಂತಭದ್ರರ ಆಪ್ತಮೀಮಾಂಸೆ ನೆನಪಿಗೆ ಬಾರದಿರದು. ಭಾವೈಕಾಂತವನ್ನು ಖಂಡಿಸುವಾಗ ಆಚಾರ್ಯರು, ಪ್ರಾಗಭಾವವನ್ನು ಒಪ್ಪದಿದ್ದರೆ ಕಾರ್ಯವು ಅನಾದಿಯಾದೀತು, ಪ್ರಧ್ವಂಸವನ್ನು ಒಪ್ಪದಿದ್ದರೆ ಅನಂತವಾದೀತು, ಅನ್ಯೋನ್ಯಾಭಾವವಿಲ್ಲದಿದ್ದರೆ ಒಂದು ವಸ್ತುವೇ ಸರ್ವಾತ್ಮಕವಾದೀತು ಎಂದು ದೋಷವನ್ನು ಎತ್ತಿ ತೋರಿಸುತ್ತಾರೆ. ಅಭಾವವು ಇಲ್ಲಿ ಸ್ವತಂತ್ರ ಪದಾರ್ಥವಲ್ಲ, ವಸ್ತುವಿನದೇ ಧರ್ಮ. ನೈಯಾಯಿಕನೊಡನೆ ನಿಜವಾದ ಜಗಳವಿರುವುದು ಇಲ್ಲಿಯೇ.

ಮತಿಲಾಲರು ಜೈನ ದರ್ಶನಕ್ಕೆ ನೇರವಾಗಿ ಕೈಹಾಕಿದ ಗ್ರಂಥ, ಅಹಮದಾಬಾದಿನ ಲಾಲಭಾಯಿ ದಲಪತಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರವು 1981ರಲ್ಲಿ ಪ್ರಕಟಿಸಿದ ಅನೇಕಾಂತವಾದ ವಿಷಯಕ ಕೃತಿ. ಆಗ ಅವರು ಆಕ್ಸ್‌ಫರ್ಡಿನಲ್ಲಿ ಸ್ಪಾಲ್ಡಿಂಗ್ ಪ್ರಾಧ್ಯಾಪಕರು. ಅನೇಕಾಂತವನ್ನು ಅಹಿಂಸೆಯ ಬೌದ್ಧಿಕ ವಿಸ್ತರಣೆಯೆಂದು ಕಾಣುವ ಭಾಗ ಹೆಚ್ಚು ಜನಪ್ರಿಯವಾಯಿತು. ಅದು ಗ್ರಂಥದ ಬಲವಾದ ಭಾಗವೇನೂ ಅಲ್ಲ. ದ್ರವ್ಯ-ಪರ್ಯಾಯಗಳ ಚರ್ಚೆ ಅದಕ್ಕಿಂತ ಗಟ್ಟಿಯಾದುದು.

ಆಕ್ಷೇಪಕ್ಕೆ ಎಡೆಯಾಗುವುದು ಸಪ್ತಭಂಗಿಯಲ್ಲಿ. ಅವಕ್ತವ್ಯವನ್ನು ಅವರು ಸತ್ಯ, ಅಸತ್ಯಗಳ ಜೊತೆಗೆ ನಿಲ್ಲುವ ಮೂರನೆಯ ಮೌಲ್ಯದಂತೆ ಪರಿಗಣಿಸುವ ಕಡೆಗೆ ಒಲಿಯುತ್ತಾರೆ. ಹಾಗಾದರೆ ಒಂದೇ ಅರ್ಥದಲ್ಲಿ ಅಸ್ತಿ-ನಾಸ್ತಿಗಳೆರಡನ್ನೂ ಹೇಳಿದಂತಾಗಿ, ಜೈನಾಚಾರ್ಯರು ಶತಮಾನಗಳಿಂದ ಪರಿಹರಿಸುತ್ತ ಬಂದ ವಿರೋಧದೋಷವನ್ನು ತಾವೇ ಸ್ವಾಗತಿಸಿದಂತಾಗುತ್ತದೆ. ಶಾಸ್ತ್ರದ ಮಾತು ಬೇರೆ. ಸ್ವರೂಪದಿಂದ ಸತ್ತ್ವ, ಪರರೂಪದಿಂದ ಅಸತ್ತ್ವ. ಇವೆರಡನ್ನೂ ಯುಗಪತ್ ಪ್ರಧಾನವಾಗಿ ಹೇಳಹೊರಟಾಗ ಒಂದೇ ಶಬ್ದಕ್ಕೆ ಆ ಸಾಮರ್ಥ್ಯವಿಲ್ಲದಿರುವುದೇ ಅವಕ್ತವ್ಯತೆ. ಕೊರತೆ ವಾಚಕ ಶಬ್ದದ್ದು, ವಾಚ್ಯದಲ್ಲಿ ವಿರೋಧವಿಲ್ಲ. ಸರ್ವಥಾ ಅವಾಚ್ಯವೆಂದರೆ ‘ಅವಾಚ್ಯ’ ಎಂಬ ಮಾತೂ ಹೊರಡದೆಂದು ಸಮಂತಭದ್ರರೇ ಎಚ್ಚರಿಸಿದ್ದಾರೆ.

ಸೋಜಿಗವೆಂದರೆ, ಇದಕ್ಕೆ ಬೇಕಾದ ಸಾಧನ ಮತಿಲಾಲರ ವಿದ್ಯಾರ್ಥಿದಶೆಯ ಪ್ರಬಂಧದ ಪರಿಭಾಷೆಯಲ್ಲಿಯೇ ಇತ್ತು. ವೃಕ್ಷದಲ್ಲಿ ಶಾಖಾವಚ್ಛೇದದಿಂದ ಕಪಿಸಂಯೋಗವಿದೆ, ಮೂಲಾವಚ್ಛೇದದಿಂದ ಅದರ ಅಭಾವವಿದೆ. ಅವಚ್ಛೇದಕ ಬೇರೆಯಾದುದರಿಂದ ಒಂದೇ ಅಧಿಕರಣದಲ್ಲಿದ್ದರೂ ಎರಡಕ್ಕೂ ವಿರೋಧವಿಲ್ಲ. ‘ಸ್ಯಾತ್’ ಶಬ್ದವು ಸೂಚಿಸುವ ಅಪೇಕ್ಷೆಯನ್ನು ಇದೇ ಜಾಡಿನಲ್ಲಿ ವಿವರಿಸಬಹುದು. ನೈಯಾಯಿಕನು ಈ ಅವ್ಯಾಪ್ಯವೃತ್ತಿತ್ವವನ್ನು ಸಂಯೋಗಾದಿ ಕೆಲವು ಧರ್ಮಗಳಿಗಷ್ಟೇ ಕೊಡುತ್ತಾನೆ. ಜೈನನು ಸತ್ತ್ವವನ್ನೇ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಗೆ ಒಳಪಡಿಸುತ್ತಾನೆ. ಈ ಅಂತರವನ್ನು ಮರೆಯದೆ ಹೋಲಿಸಿದಲ್ಲಿ ಮೂರನೆಯ ಮೌಲ್ಯದ ಕಲ್ಪನೆಯೇ ಅನಾವಶ್ಯಕ.

ವಿಮಲದಾಸನು ಸಪ್ತಭಂಗೀತರಂಗಿಣಿಯನ್ನು ನವ್ಯನ್ಯಾಯದ ಶೈಲಿಯಲ್ಲಿಯೇ ಬರೆದನು. ಹದಿನೇಳನೆಯ ಶತಮಾನದ ಯಶೋವಿಜಯರು ಕಾಶಿಯಲ್ಲಿ ನವ್ಯನ್ಯಾಯವನ್ನು ಕಲಿತು, ತಾವು ಶ್ವೇತಾಂಬರರಾಗಿದ್ದೂ, ದಿಗಂಬರಾಚಾರ್ಯ ವಿದ್ಯಾನಂದರ ಅಷ್ಟಸಹಸ್ರಿಗೆ ವಿವರಣವನ್ನು ರಚಿಸಿದರು. ಮತಿಲಾಲರ ಎರಡು ಗ್ರಂಥಗಳ ನಡುವೆ ಇಟ್ಟು ಓದಬೇಕಾದ ಗ್ರಂಥಗಳು ಇವು.