ಉರುಳಿದ ಗಾಡಿಯ ಭಾರ

ಸಾಹಸಯಾನದ ಮೋಟರ್‌ಸೈಕಲ್ಲನ್ನು ಕೊಳ್ಳಹೊರಟ ರಸಿಕನು ಎಂಜಿನ್ನಿನ ಶಕ್ತಿಯನ್ನೂ ಆಸನದ ಎತ್ತರವನ್ನೂ ಟ್ಯಾಂಕಿನ ಅಳತೆಯನ್ನೂ ಬಹು ಆಸ್ಥೆಯಿಂದ ವಿಚಾರಿಸುತ್ತಾನೆ. ನಿರ್ಜನವಾದ ಹಾದಿಯಲ್ಲಿ ಅದು ಮಗ್ಗುಲಾಗಿ ಬಿದ್ದರೆ ತಾನೊಬ್ಬನೇ ಎತ್ತಬಲ್ಲೆನೆ ಎಂಬ, ಮಿಕ್ಕೆಲ್ಲಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ಈ ಕುಲದ ಮೂಲಪುರುಷನೆನ್ನಬಹುದಾದ ಬಿ.ಎಂ.ಡಬ್ಲ್ಯೂ. ಆರ್ 80 ಜಿ/ಎಸ್ 1980ರಲ್ಲಿ ಹೊರಬಂದಾಗ ಪೆಟ್ರೋಲು ತುಂಬಿ 186 ಕಿಲೋ ತೂಗುತ್ತಿತ್ತು. ಅದರ ಸಂತತಿಯ ಆರ್ 1250 ಜಿ.ಎಸ್. 249 ಕಿಲೋ ತೂಗಿತು. 30 ಲೀಟರಿನ ಟ್ಯಾಂಕು ಹೊತ್ತ ಅಡ್ವೆಂಚರ್ ಅವತಾರವಂತೂ 268ಕ್ಕೇರಿತು. ಸವಾರನ ಬೆನ್ನುಮೂಳೆ ಈ ಅವಧಿಯಲ್ಲಿ ಯಾವ ಅಭ್ಯುದಯವನ್ನೂ ಪಡೆದಂತೆ ಕಾಣೆ.

ತೂಕದ ಅಂಕಿಯಷ್ಟೂ ನಮ್ಮ ತೋಳಿನ ಮೇಲೆ ಬೀಳುವುದಿಲ್ಲವೆಂಬುದು ಸಮಾಧಾನದ ಸಂಗತಿ. ಚಕ್ರಗಳು ನೆಲವನ್ನು ಮುಟ್ಟಿದ ರೇಖೆಯೇ ಆಧಾರವಾಗಿ ಗಾಡಿಯು ಏತದ ಮರದಂತೆ ತಿರುಗಿ ಮೇಲೇಳುವುದರಿಂದ, ಮತ್ತು ಆ ರೇಖೆಯಿಂದ ಗುರುತ್ವಕೇಂದ್ರವಿರುವ ದೂರಕ್ಕಿಂತ ಹ್ಯಾಂಡಲಿನ ಹಿಡಿ ಹೆಚ್ಚುಕಡಿಮೆ ಇಮ್ಮಡಿ ದೂರದಲ್ಲಿರುವುದರಿಂದ, 196 ಕಿಲೋದ ಹಿಮಾಲಯನ್ 450 ಮೊದಲ ಕ್ಷಣದಲ್ಲಿ ನಮ್ಮಿಂದ ಬೇಡುವುದು ಸುಮಾರು ಅದರ ಅರ್ಧವನ್ನು. ಏಳುತ್ತ ಬಂದಂತೆ ಅದೂ ಇಳಿಯುತ್ತದೆ. ಎಂದಮೇಲೆ, ತೂಕವೆಷ್ಟೆಂಬುದರೊಡನೆ ಅದು ಎಲ್ಲಿದೆಯೆಂಬುದೂ, ಗಾಡಿ ಎಷ್ಟು ವಾಲಿ ಮಲಗಿದೆಯೆಂಬುದೂ ಮುಖ್ಯ. ಜಿ.ಎಸ್. ಗಾಡಿಯ ಸಿಲಿಂಡರುಗಳು ಇಕ್ಕೆಲದಲ್ಲಿಯೂ ಚಾಚಿಕೊಂಡು ಅದನ್ನು ಪೂರ್ತಿ ಮಲಗಗೊಡದ ಕಾರಣ, ಅಷ್ಟೇ ತೂಕದ ಕೃಶಾಂಗಿಗಿಂತ ಅದು ಸುಲಭವಾಗಿ ಏಳುತ್ತದೆ. ಹಿಂದಿನ ಆಸನದ ಮೇಲೆ ಎತ್ತರವಾಗಿ ಬಿಗಿದ ಗಂಟುಮೂಟೆಯೋ ತನ್ನ ತೂಕಕ್ಕೆ ಮೀರಿದ ಶತ್ರು. ಮೊದಲು ಅದನ್ನು ಬಿಚ್ಚಬೇಕು.

ವಿಧಾನ ಸರಳವಾದುದು. ಎಂಜಿನ್ನನ್ನು ನಿಲ್ಲಿಸಿ, ಗೇರಿಗೆ ಹಾಕಿ, ಬಲಕ್ಕೆ ಬಿದ್ದಿದ್ದರೆ ಸ್ಟ್ಯಾಂಡನ್ನು ಮೊದಲೇ ಚಾಚಿ, ಬಿದ್ದ ಮಗ್ಗುಲಿಗೇ ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಆಸನಕ್ಕೆ ಬೆನ್ನೊಡ್ಡಿ ಕುಳಿತು, ಕಾಲಿನ ಬಲದಿಂದ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಏಳತಕ್ಕದ್ದು. ಚಕ್ರಗಳು ಇಳಿಜಾರಿನ ಮೇಲ್ಗಡೆಗಿದ್ದರೆ ಗಾಡಿಯನ್ನು ನೆಲದ ಮೇಲೆಯೇ ಎಳೆದು ತಿರುಗಿಸಿಕೊಳ್ಳದೆ ಗತ್ಯಂತರವಿಲ್ಲ.

ಒಮ್ಮೆ ಎತ್ತುವುದೇನೋ ದೊಡ್ಡದಲ್ಲ. ಆವೇಶದಲ್ಲಿ ಯಾರಾದರೂ ಎತ್ತಿಯಾರು. 5,359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ಆ ತೆಳುಗಾಳಿಯ ಸೀಮೆಯಲ್ಲಿ, ಹಿಮ ಕರಗಿದ ನಾಲಾ ದಾಟುವಾಗಲೋ ನೂಬ್ರಾದ ಮರಳಿನಲ್ಲಿಯೋ ಅದೇ ಮಧ್ಯಾಹ್ನ ಮೂರನೆಯ ಬಾರಿ ಎತ್ತಬೇಕಾದಾಗ, 160 ಕಿಲೋದ ಆಸುಪಾಸಿನ ಎಕ್ಸ್‌ಪಲ್ಸ್‌ಗೂ ಮೇಲಿನ ಮಹಾಗಜಗಳಿಗೂ ಇರುವ ಅಂತರ ವೇದ್ಯವಾಗುತ್ತದೆ. ಜೊತೆಗಾರರಿದ್ದವರು ಏನನ್ನಾದರೂ ಕೊಳ್ಳಲಿ. ಒಂಟಿಯಾಗಿ ಹೋಗುವವನಿಗೆ 200 ಕಿಲೋ ಮೀರಿದ ಗಾಡಿ ಸಲ್ಲದೆಂದೇ ನನ್ನ ಮತ.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ: ಹಣ ತೆರುವ ಮುನ್ನ, ಅದೇ ಗಾಡಿಯಿರುವ ಮಿತ್ರನೊಬ್ಬನನ್ನು ಒಡಂಬಡಿಸಿ, ಟ್ಯಾಂಕು ತುಂಬಿಸಿ, ಹುಲ್ಲಿನ ಮೇಲೆ ಮೆಲ್ಲನೆ ಮಲಗಿಸಿ, ಯಾರ ನೆರವೂ ಇಲ್ಲದೆ ಮೂರು ಸಲ ಎತ್ತಿ ನೋಡಿರಿ.