ಬಿಲ್ಬೊನನ್ನು ಹುಡುಕಿ ಹೊರಟ ಕತ್ತರಿ

ಸ್ಮೌಗ್ ಎಂಬ ಡ್ರ್ಯಾಗನ್ ಸಾಯುವುದು ಮೂರನೆಯ ಚಿತ್ರದ ಶೀರ್ಷಿಕೆ ತೆರೆಯ ಮೇಲೆ ಮೂಡುವ ಮೊದಲೇ. ಪೀಟರ್ ಜಾಕ್ಸನ್ ಅವರ ‘ದಿ ಹಾಬಿಟ್’ ಚಿತ್ರತ್ರಯದಲ್ಲಿ ನನ್ನನ್ನು ಇಂದಿಗೂ ಕಾಡುವ ಕೊರತೆ ಇದು. 2013ರ ಡಿಸೆಂಬರ್‌ನಲ್ಲಿ ಎರಡನೆಯ ಚಿತ್ರ ಮುಗಿದಾಗ ಸರೋವರದ ಊರನ್ನು ಸುಡಲು ಹಾರಿದ ಆ ಪ್ರಾಣಿ ಇಡೀ ಒಂದು ವರ್ಷ ಆಕಾಶದಲ್ಲೇ ಉಳಿಯಿತು. ಮರುವರ್ಷ ಪ್ರೇಕ್ಷಕ ಸೀಟಿನಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಆ ಊರಿನ ಬಿಲ್ಲುಗಾರ ಬಾರ್ಡ್‌ನ ಬಾಣಕ್ಕೆ ಉರುಳಿಬಿತ್ತು. ಅಷ್ಟು ದೂರ ಹೊತ್ತು ತಂದ ದಿಗಿಲೆಲ್ಲ ಸೋರಿಹೋದದ್ದು ಕಥೆಯನ್ನು ತುಂಡರಿಸಿದ ಜಾಗ ತಪ್ಪಿದ್ದರಿಂದ.

ಈ ಚಿತ್ರಗಳಿಗೆ ಆಧಾರ ಲೇಖಕ ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ ಹತ್ತೊಂಬತ್ತು ಅಧ್ಯಾಯಗಳ ಮಕ್ಕಳ ಕಥೆ. ಎರಡು ಚಿತ್ರಗಳೆಂದುಕೊಂಡಿದ್ದನ್ನು 2012ರ ಜುಲೈನಲ್ಲಿ ಮೂರು ಮಾಡಲಾಯಿತು. ಮೂರೂ ಸೇರಿ 474 ನಿಮಿಷ. ಗಿಯೆರ್ಮೊ ಡೆಲ್ ಟೋರೊ ನಿರ್ದೇಶನ ಬಿಟ್ಟುಹೋದ ಮೇಲೆ ತಯಾರಿಗೆ ಸಮಯವೇ ಸಿಗಲಿಲ್ಲ ಎಂದು ಜಾಕ್ಸನ್ ಆಮೇಲೆ ಒಪ್ಪಿಕೊಂಡರು. ಆ ಅವಸರವನ್ನು ನಾನು ಕ್ಷಮಿಸಬಲ್ಲೆ. ಆದರೆ ಅಷ್ಟು ಉದ್ದದಲ್ಲಿ ಕಥಾನಾಯಕ ಹಾಬಿಟ್ ಬಿಲ್ಬೊನೇ ಕಳೆದುಹೋದದ್ದನ್ನು ಒಪ್ಪಲಾರೆ.

ಅವನನ್ನು ಹುಡುಕಿ ತಂದವರು ಅಭಿಮಾನಿಗಳು. ಮೂರನೆಯ ಚಿತ್ರ ತೆರೆಕಂಡ ಮರು ತಿಂಗಳೇ, 2015ರ ಜನವರಿಯಲ್ಲಿ, ‘ಟೋಲ್ಕಿನ್ ಎಡಿಟ್’ ಎಂಬ ಮರುಸಂಕಲನ ಬಂತು. ಮೂರು ಚಿತ್ರಗಳು ಅಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸಿನ ಒಂದೇ ಚಿತ್ರ. ಈ ಕಸುಬು ಹೊಸದೇನಲ್ಲ. ‘ಸ್ಟಾರ್ ವಾರ್ಸ್’ನ ‘ಫ್ಯಾಂಟಮ್ ಮೆನೇಸ್’ ಚಿತ್ರವನ್ನು ಸುಮಾರು ಇಪ್ಪತ್ತು ನಿಮಿಷ ಕತ್ತರಿಸಿದ ‘ಫ್ಯಾಂಟಮ್ ಎಡಿಟ್’ ಒಂದು ದಶಕಕ್ಕೂ ಮೊದಲೇ ಸುದ್ದಿ ಮಾಡಿತ್ತು. ‘ಹಾಬಿಟ್’ಗೆ ಹೀಗೆ ಕತ್ತರಿ ಹಾಕಿದವರು ಹಲವರು. ಪುಸ್ತಕದಲ್ಲಿಲ್ಲದ ಎಲ್ಫ್ ಟೌರಿಯಲ್ ಮತ್ತು ಕುಬ್ಜ ಕೀಲಿಯ ಪ್ರೇಮ, ಡೋಲ್ ಗುಲ್ದೂರ್ ಕೋಟೆಯ ಪ್ರಸಂಗ, ಕರಗಿದ ಚಿನ್ನದಲ್ಲಿ ಡ್ರ್ಯಾಗನ್ನನ್ನು ಮುಳುಗಿಸುವ ಸಾಹಸ ಇವರ ಕತ್ತರಿಗೆ ಮೊದಲು ಸಿಕ್ಕ ಭಾಗಗಳು.

ಇವುಗಳಲ್ಲಿ ಡೋಲ್ ಗುಲ್ದೂರ್ ತೆಗೆದದ್ದರ ಲಾಭ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಮಿರ್ಕ್‌ವುಡ್ ಕಾಡಿನ ಅಂಚಿನಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಬಿಲ್ಬೊ ಮತ್ತು ಕುಬ್ಜರ ತಂಡವನ್ನು ಬಿಟ್ಟು ಹೊರಟುಹೋಗುತ್ತಾನೆ. ಜಾಕ್ಸನ್ ಚಿತ್ರದಲ್ಲಿ ನಾವು ಪದೇ ಪದೇ ಅವನ ಬೆನ್ನು ಹತ್ತಿ ಆ ಕೋಟೆಗೆ ಹೋಗುತ್ತೇವೆ. ಅವನೆಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಲ್ಲವೂ ಗೊತ್ತು. ಮರುಸಂಕಲನದಲ್ಲಿ ಆ ಮುದುಕ ಹೋದವನು ಹೋದನೇ. ಬಿಲ್ಬೊನ ಜೊತೆ ನಾವೂ ದಿಕ್ಕಿಲ್ಲದವರಾಗುತ್ತೇವೆ. ಆಗ ಜೇಡಗಳ ಬಲೆ ಹರಿಯುವ, ಬಂಧಿತ ಕುಬ್ಜರನ್ನು ಪೀಪಾಯಿಗಳಲ್ಲಿ ಸಾಗಿಸುವ ಆ ಪುಟ್ಟ ಮನುಷ್ಯನ ಧೈರ್ಯಕ್ಕೆ ಬೆಲೆ ಬರುತ್ತದೆ. ಮಾರ್ಟಿನ್ ಫ್ರೀಮನ್ ಎಷ್ಟು ಸೂಕ್ಷ್ಮವಾಗಿ ನಟಿಸಿದ್ದಾರೆಂದು ನನಗೆ ತಿಳಿದದ್ದೂ ಇಲ್ಲೇ. ಸ್ಮೌಗ್ ಎದ್ದು, ಹಾರಿ, ಊರು ಸುಟ್ಟು, ಸಾಯುವುದೂ ಇಲ್ಲಿ ಒಂದೇ ಉಸಿರಿನಲ್ಲಿ.

ಇಷ್ಟಾದರೂ ಕತ್ತರಿ ಹೊಸದಾಗಿ ಏನನ್ನೂ ಚಿತ್ರೀಕರಿಸಲಾರದು. ಪುಸ್ತಕದಲ್ಲಿ ಹದಿಮೂರು ಕುಬ್ಜರೂ ಸ್ಮೌಗ್ ಇರುವ ಬೆಟ್ಟ ಸೇರುತ್ತಾರೆ. ಚಿತ್ರದಲ್ಲಿ ಬಾಣ ತಾಗಿದ ಕೀಲಿಯ ಜೊತೆ ಇನ್ನೂ ಮೂವರು ಸರೋವರದ ಊರಲ್ಲೇ ಉಳಿಯುತ್ತಾರೆ. ಗಾಯ ವಾಸಿಮಾಡುವ ಟೌರಿಯಲ್‌ಳನ್ನು ತೆಗೆದುಬಿಡಬಹುದು, ಬೆಟ್ಟದ ಬಾಗಿಲಲ್ಲಿ ಇಲ್ಲದ ನಾಲ್ವರನ್ನು ತಂದು ನಿಲ್ಲಿಸುವುದು ಹೇಗೆ? ಓರ್ಕ್ ನಾಯಕ ಅಜೋಗ್‌ನ ಪಾಡೂ ಅಷ್ಟೇ. ಅವನ ಬೆನ್ನಟ್ಟುವಿಕೆ ಬೇಸರ ತರಿಸುವುದು ನಿಜ. ಆದರೆ ಆ ಬೇರು ಕಿತ್ತರೆ ಕೊನೆಯಲ್ಲಿ ಹಿಮದ ಮೇಲೆ ಅವನೊಡನೆ ಕುಬ್ಜರ ನಾಯಕ ತೋರಿನ್ ಮಾಡುವ ಹೋರಾಟ ಒಣಗುತ್ತದೆ. ಸಂಗೀತದ್ದು ಇನ್ನೊಂದು ಸಂಕಟ. ಮಾತು ಬಹುತೇಕ ಮಧ್ಯದ ಧ್ವನಿವಾಹಿನಿಯಲ್ಲಿರುವುದರಿಂದ ಅದನ್ನಷ್ಟೇ ಎತ್ತಿಕೊಳ್ಳಬಹುದು. ಹೋವರ್ಡ್ ಶೋರ್ ಅವರ ಹಿನ್ನೆಲೆ ಸಂಗೀತವನ್ನು ಮಾತ್ರ ದೃಶ್ಯದ ನಡುವೆ ತುಂಡರಿಸಿದರೆ ಜೋಡಣೆ ಕಿವಿಗೆ ಚುಚ್ಚುತ್ತದೆ. ಒಳ್ಳೆಯ ಅಭಿಮಾನಿ ಸಂಕಲನಕಾರ ಯಾರೆಂದು ಗೊತ್ತಾಗುವುದು ಇಂಥ ಹೊಲಿಗೆಗಳಲ್ಲಿ. ಇದರಲ್ಲಿ ಹಣ ಮಾಡಬಾರದು, ನೋಡುವವರ ಬಳಿ ಮೂಲ ಡಿಸ್ಕ್ ಇರಬೇಕು ಎಂಬ ನೇಮವನ್ನು ಅವರೇ ಹಾಕಿಕೊಂಡಿದ್ದಾರೆ. ಹಕ್ಕು ಸ್ಟುಡಿಯೊದ್ದೇ.

ನನ್ನ ನಿಜವಾದ ತಕರಾರು ಪುಸ್ತಕವನ್ನೇ ಅಳತೆಗೋಲಾಗಿ ಹಿಡಿದವರ ಮೇಲೆ. ಪುಟದಲ್ಲಿದೆಯೇ, ಇರಲಿ, ಇಲ್ಲವೇ, ಹೋಗಲಿ ಎಂಬ ಲೆಕ್ಕ ವಿಮರ್ಶೆಯಾಗದು. ಮೂರನೆಯ ಚಿತ್ರದಲ್ಲಿ ಚಿನ್ನದ ಹುಚ್ಚು ಹಿಡಿದ ತೋರಿನ್, ಬಿಲ್ಬೊ ಏನನ್ನೋ ಬಚ್ಚಿಟ್ಟುಕೊಂಡಿದ್ದಾನೆಂದು ಗದರುತ್ತಾನೆ. ಬಿಲ್ಬೊ ಅಂಗೈ ಬಿಚ್ಚುತ್ತಾನೆ. ಅಲ್ಲಿರುವುದು ಓಕ್ ಮರದ ಒಂದು ಬೀಜ, ತನ್ನ ತೋಟದಲ್ಲಿ ನೆಡಲು ದಾರಿಯಲ್ಲಿ ಆಶ್ರಯ ಕೊಟ್ಟ ಬೆಯೋರ್ನ್‌ನ ಅಂಗಳದಿಂದ ಇಷ್ಟು ದೂರ ಹೊತ್ತು ತಂದದ್ದು. ಟೋಲ್ಕಿನ್ ಇದನ್ನು ಬರೆದಿಲ್ಲ. ಪುಸ್ತಕದ ಪಟ್ಟಿ ಹಿಡಿದವರು ಇದನ್ನೂ ಕತ್ತರಿಸಬೇಕಾಗುತ್ತದೆ. ಆದರೆ ಆ ಬೀಜ ಕಂಡ ಗಳಿಗೆಯಲ್ಲಿ ತೋರಿನ್‌ನ ಮುಖ ಸಡಿಲವಾಗಿ, ಹಳೆಯ ಗೆಳೆಯನೊಬ್ಬ ಅಲ್ಲಿಂದ ಇಣುಕಿ ನಗುತ್ತಾನೆ.